ಪೆಟ್ಟಿಗೆಗೆ ಸೀಟು, ನಮಗೆ ಕಾಲುದಾರಿ

ಗುತ್ತಲು, ಮಂಡ್ಯ

ಪಪುವಾ ನ್ಯೂಗಿನಿಯ ಬೆಟ್ಟಗಳ ಸಂದಿಯಲ್ಲಿರುವ ಒಂದು ಚರ್ಚಿನ ಆಸ್ಪತ್ರೆಯಲ್ಲಿ ಎರಡು ವರ್ಷ ಹೆರಿಗೆ ನರ್ಸಾಗಿ ಕೆಲಸ ಮಾಡಿ, ರಜೆಗೆಂದು ಮನೆಗೆ ಬಂದಿದ್ದೆ. ಬಂದ ಮೊದಲ ವಾರವೇ ನಮ್ಮ ಮನೆಯವರು ಊಟದ ತಟ್ಟೆ ಮುಂದಿಟ್ಟುಕೊಂಡು, "ಈ ಸಲ ನಾನೂ ಬತ್ತೀನಿ" ಎಂದರು.

"ಎಲ್ಲಿಗೆ?"

"ನಿನ್ನ ಆಸ್ಪತ್ರೆಗೆ. ಕಬ್ಬು ಕಡಿದಾಯ್ತು. ಕೂಳೆ ಬೆಳೆಗೆ ತಮ್ಮ ನೀರು ಕಟ್ಟತಾನೆ. ಎರಡು ವರ್ಸದಿಂದ ನೀನು ಎಲ್ಲಿ ಮಲಗ್ತೀಯ, ಏನು ಉಣ್ತೀಯ, ಅದ್ನ ಕಣ್ಣಾರ ನೋಡ್ಬೇಕು ಕಣಮ್ಮಿ. ನೋಡ್ಕಂಡು ಆಮೇಕೆ ಏನು ಏಳ್ಬೇಕೋ ಏಳ್ತೀನಿ."

ಆ ಕೊನೆಯ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಯಾಕೆಂದರೆ ನನ್ನ ಪಾಸ್‌ಪೋರ್ಟಿನ ಹೊದಿಕೆಯೊಳಗೆ ಆಸ್ಪತ್ರೆಯವರ ಕಾಗದವೊಂದಿತ್ತು. ಇನ್ನೂ ಎರಡು ವರ್ಷ ಇರಲು ಒಪ್ಪುತ್ತೀರಾ ಎಂದು ಕೇಳಿದ್ದರು. ಅದನ್ನು ಇವರಿಗೆ ತೋರಿಸಿರಲಿಲ್ಲ. ಇವತ್ತು ತೋರಿಸೋಣ, ನಾಳೆ ತೋರಿಸೋಣ ಎನ್ನುತ್ತಲೇ ದಿನ ಕಳೆಯುತ್ತಿತ್ತು.

ನನ್ನ ಹೆಸರು ಎಸ್ತೇರ್. ಇವರ ಬಾಯಲ್ಲಿ ಎಸ್ತೇರಿ. ಇವರು ಮರೀಗೌಡ, ಶಿವಪುರದ ಪಕ್ಕದ ಹಳ್ಳಿಯಲ್ಲಿ ಕಬ್ಬು ಬೆಳೆಯುವವರು. ಅತ್ತಿಗೆಯ ಹೆರಿಗೆಗೆಂದು, ಮಂಡ್ಯದಲ್ಲಿ ನಾನು ಆಗ ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ಬಂದವರು, ಮಗು ಮನೆಗೆ ಹೋದ ಮೇಲೂ ಏನಾದರೊಂದು ನೆಪ ಹೇಳಿಕೊಂಡು ಬರುತ್ತಲೇ ಇದ್ದರು. ನಮ್ಮ ಮದುವೆಯಾದಾಗ ಎರಡೂ ಮನೆಯವರು ಬಹಳ ಕಾಲ ಮಾತು ಬಿಟ್ಟಿದ್ದರು. ಈಗ ನಾನು ಊರಲ್ಲಿದ್ದರೆ ಭಾನುವಾರ ಇವರೇ ನನ್ನನ್ನು ಬೈಕಿನಲ್ಲಿ ಚರ್ಚಿನ ಗೇಟಿಗೆ ಬಿಟ್ಟು, ತಾವು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಕಾಯುತ್ತಾರೆ. ನಾನು ಅವರನ್ನು ಗೌಡರೇ ಎಂದೇ ಕರೆಯುವುದು. ಕೋಪ ಬಂದಾಗ ಮಾತ್ರ ಮರೀಗೌಡರೇ ಎನ್ನುತ್ತೇನೆ.

ವೀಸಾ ಬಂತು. ಇವರ ಚೀಲಕ್ಕೆ ರಾಗಿ ಹಿಟ್ಟು, ಖಾರದ ಪುಡಿ, ಎರಡು ಲುಂಗಿ, ಒಂದು ಕಂಬಳಿ ಸೇರಿದವು. ನನ್ನ ಪಾಲಿಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ. ಮಂಡ್ಯದಲ್ಲೂ ಮದ್ದೂರಿನಲ್ಲೂ ಇರುವ ನನ್ನ ಹಳೆಯ ಜೊತೆಗಾತಿಯರು, ಎಲ್ಲರೂ ನರ್ಸುಗಳೇ, ಸೇರಿ ಕೊಡಿಸಿದ್ದು. ಗಾಳಿಯಿಂದ ಆಮ್ಲಜನಕ ತೆಗೆಯುವ ಯಂತ್ರ ಒಂದು, ಜೊತೆಗೆ ವ್ಯಾಕ್ಯೂಮ್ ಸೆಟ್ಟು. ಹೆರಿಗೆ ಕೊನೆಯ ಹಂತದಲ್ಲಿ ನಿಂತುಬಿಟ್ಟರೆ ಮಗುವಿನ ತಲೆಗೆ ಮೆತ್ತನೆಯ ಬಟ್ಟಲು ಹಚ್ಚಿ, ಗಾಳಿ ಎಳೆದು, ತಾಯಿಯ ನೋವಿನ ಜೊತೆಜೊತೆಗೇ ನಿಧಾನವಾಗಿ ಹೊರತರುವ ಸಲಕರಣೆ ಅದು. ನಮ್ಮ ಬೆಟ್ಟದ ಆಸ್ಪತ್ರೆಯಲ್ಲಿ ಅದು ಇರಲಿಲ್ಲ. ಇಲ್ಲದ್ದರಿಂದ ಏನಾಗಿತ್ತು ಎನ್ನುವುದನ್ನು ಮುಂದೆ ಹೇಳುತ್ತೇನೆ.

ಮಳವಳ್ಳಿ

ಹೊರಡುವ ಮುಂಚೆ ಪೆಟ್ಟಿಗೆಯನ್ನು ಮಳವಳ್ಳಿಗೆ ತರಲೇಬೇಕು ಎಂದು ನನ್ನ ತಾಯಿ ರಾಹೇಲಮ್ಮ ಹಟ ಹಿಡಿದಿದ್ದರು. ಅವರ ಚರ್ಚಿನ ಸಭೆಯವರು ಅದರ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಬೇಕಂತೆ. ಖಾಸಗಿ ಬಸ್ಸಿನ ಬಾಗಿಲಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತು. ಒಳಗಿನಿಂದ ಇಬ್ಬರು ಎಳೆದರು, ಹೊರಗಿನಿಂದ ಗೌಡರು ನೂಕಿದರು.

"ಏನಣ್ಣ ಇದು, ಫ್ರಿಜ್ಜಾ?" ಎಂದ ಕಂಡಕ್ಟರ್.

"ಉಸ್ರು ಕೊಡೋ ಮಿಸನ್ನು ಕಣ್ಲಾ."

"ಅಂಗಾದ್ರೆ ಇಲ್ಲೇ ಬುಟ್ಟೋಗಿ. ಈ ರಸ್ನಾಗೆ ನಂಗೇ ಉಸ್ರಿಲ್ಲ."

ದಾರಿಯುದ್ದಕ್ಕೂ ಒಬ್ಬ ಅಜ್ಜ ಪೆಟ್ಟಿಗೆಯ ಮೇಲೆ ಕಾಲು ಚಾಚಿ ಸುಖವಾಗಿ ನಿದ್ದೆ ಹೊಡೆದರು.

ಪ್ರಾರ್ಥನೆ ಆಯಿತು. ಊಟವೂ ಆಯಿತು. ಕೈ ತೊಳೆಯುವಾಗ ಅಮ್ಮ ಅಳಿಯನ ಹತ್ತಿರ ಹೋಗಿ, "ಗೌಡ್ರೇ, ಓಗಿ ನೋಡ್ಕಂಡು ಬನ್ನಿ. ಬರುವಾಗ ಇವಳ್ನೂ ಕರ್ಕಂಡೇ ಬನ್ನಿ. ನಂಗೂ ವಯಸ್ಸಾಯ್ತು" ಎಂದರು. ಗೌಡರು ನನ್ನ ಕಡೆ ನೋಡಲಿಲ್ಲ. "ನೋಡುವ ಬುಡಿ ಅತ್ತೆ" ಎಂದಷ್ಟೇ ಹೇಳಿ ಟವೆಲಿನಿಂದ ಮುಖ ಒರೆಸಿಕೊಂಡರು. ನಾನು ಕಾಗದದ ನೆನಪಾಗಿ ಒಲೆಯ ಕಡೆ ತಿರುಗಿದೆ.

ಮೊರೆಸ್ಬಿಯ ಕೌಂಟರು

ವಿಮಾನ ಬದಲಿಸಿದ್ದು, ಕಾದದ್ದು, ಗೌಡರು ಓಡುವ ಮೆಟ್ಟಿಲಿಗೆ ಹೆದರಿ ಚೀಲ ಹೊತ್ತುಕೊಂಡು ಪಕ್ಕದ ಮೆಟ್ಟಿಲು ಹತ್ತಿದ್ದು, ಎಲ್ಲ ಬಿಡುತ್ತೇನೆ. ನಿಜವಾದ ಪಜೀತಿ ಶುರುವಾದದ್ದು ಪಪುವಾದ ರಾಜಧಾನಿ ಪೋರ್ಟ್ ಮೊರೆಸ್ಬಿಯಲ್ಲಿ. ಆ ದೇಶದವರು ಗಿಡ, ಬೀಜ, ಮಣ್ಣು ಯಾವುದನ್ನೂ ಸುಲಭವಾಗಿ ಒಳಗೆ ಬಿಡುವುದಿಲ್ಲ. ಅಂಥದ್ದೇನೂ ತಂದಿಲ್ಲ ಎಂದು ಫಾರಂ ತುಂಬಿ, ಇಬ್ಬರ ಪರವಾಗಿಯೂ ನಾನೇ ವಿಮಾನದಲ್ಲಿ ಗುರುತು ಹಾಕಿದ್ದೆ.

ಕೌಂಟರಿನಲ್ಲಿದ್ದ ಅಧಿಕಾರಿಣಿ ದಪ್ಪ ಹೆಂಗಸು, ಕಿವಿಯ ಮೇಲೆ ಕೆಂಪು ಹೂ ಸಿಕ್ಕಿಸಿಕೊಂಡಿದ್ದರು. ರಾಗಿ ಹಿಟ್ಟಿನ ಪೊಟ್ಟಣ ಬಿಚ್ಚಿ ಮೂಸಿದರು, ಸೀನಿದರು, ಪಕ್ಕಕ್ಕಿಟ್ಟರು. ಆಮೇಲೆ ಗೌಡರ ಲುಂಗಿಯ ಸುರುಳಿ ಬಿಚ್ಚಿದರು. ಒಳಗಿನಿಂದ ಕಬ್ಬಿನ ಮೂರು ತುಂಡು ಮೇಜಿನ ಮೇಲೆ ಉರುಳಿದವು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಗೌಡ್ರೇ, ಇದೇನಿದು?"

"ಬಿತ್ತನೆ ಕಬ್ಬು. ನಿನ್ನ ಆಸ್ಪತ್ರೆ ಇತ್ಲಲ್ಲಿ ನಾಟಿ ಮಾಡವಾ ಅಂತ. ಎರಡು ವರ್ಸ ನೀನು ಇಲ್ಲಿ ಕಬ್ಬಿನ ಆಲು ಕುಡೀದೆ ಇದ್ದಲ್ಲ."

"ಮರೀಗೌಡರೇ, ನಾನು ಏನೂ ಇಲ್ಲ ಅಂತ ಸಹಿ ಹಾಕಿದ್ದೀನಿ!"

"ನೀನು ನನ್ನ ಕೇಳ್ನೇ ಇಲ್ವಲ್ಲ."

ಅದು ನಿಜವೇ. ನಾನು ಅಧಿಕಾರಿಣಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಕ್ಷಮೆ ಕೇಳಿದೆ. ಗೌಡರು ಕೈ ಮುಗಿದು ನಿಂತರು. ಆಕೆ ಕಬ್ಬನ್ನು ಎತ್ತಿ ನೋಡಿದರು, ಇವರ ಮುಖ ನೋಡಿದರು, ಇನ್ನಿಬ್ಬರನ್ನು ಕರೆದರು. ಮೂವರೂ ಸೇರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಆಕೆ ಹೇಳಿದ್ದನ್ನು ನಾನು ಕನ್ನಡದಲ್ಲಿ ಇವರಿಗೆ ಹೇಳಿದೆ. ಕಬ್ಬು ಮೊಟ್ಟಮೊದಲು ಬೆಳೆದದ್ದು ಈ ದೇಶದಲ್ಲೇ ಅಂತೆ. ಇಲ್ಲಿಂದಲೇ ಲೋಕಕ್ಕೆಲ್ಲ ಹೋಯಿತಂತೆ. ಅದನ್ನು ಕಳ್ಳತನದಲ್ಲಿ ಇಲ್ಲಿಗೇ ತಂದವನನ್ನು ಅವರು ಇದುವರೆಗೆ ಕಂಡಿಲ್ಲವಂತೆ.

ಗೌಡರು ಗಂಭೀರವಾದರು. "ಅಂಗಾದ್ರೆ ನಮ್ಮ ಕಬ್ಬಿಗೆ ಇದು ತೌರುಮನೆ ಅನ್ನು."

ತುಂಡುಗಳು ಕಸದ ಡಬ್ಬಿ ಸೇರಿದವು. ಎಚ್ಚರಿಕೆ ಹೇಳಿ ನಮ್ಮನ್ನು ಬಿಟ್ಟರು. ರಾಗಿ ಹಿಟ್ಟು ನಮ್ಮ ಜೊತೆಯೇ ಬಂತು.

ತಕ್ಕಡಿ

ಮೌಂಟ್ ಹೇಗನ್ ಎಂಬ ಬೆಟ್ಟದ ಪೇಟೆಯಿಂದ ನಮ್ಮ ಆಸ್ಪತ್ರೆ ಇರುವ ಕೊರೊಂಬಿ ಕಣಿವೆಗೆ ಗಾಡಿ ರಸ್ತೆ ಇಲ್ಲ. ನಾಲ್ಕೈದು ಜನ ಹಿಡಿಸುವ ಪುಟ್ಟ ವಿಮಾನವೊಂದು ವಾರಕ್ಕೊಮ್ಮೆ ಹಾರಿ, ಇಳಿಜಾರಾದ ಹುಲ್ಲಿನ ಮೈದಾನದಲ್ಲಿ ಇಳಿಯುತ್ತದೆ. ಅದು ಇಳಿಯುವ ರೀತಿ ನೋಡಿದರೆ ಬೇಲಿಯ ಮೇಲೆ ಕೋಳಿ ಹಾರಿ ಕೂತಂತಿರುತ್ತದೆ.

ಮೊರೆಸ್ಬಿಯಿಂದ ಇನ್ನೊಂದು ವಿಮಾನ ಹಿಡಿದು ಹೇಗನ್ನಿಗೆ ಬಂದೆವು. ಪುಟ್ಟ ವಿಮಾನ ಹೊರಡುವ ಶೆಡ್ಡಿನಲ್ಲಿ ಎಲ್ಲರೂ ತಕ್ಕಡಿ ಹತ್ತಬೇಕು. ಚೀಲಕ್ಕೂ ಮನುಷ್ಯನಿಗೂ ಅಲ್ಲಿ ಭೇದವಿಲ್ಲ. ಗೌಡರು ಹತ್ತುವಾಗ ಹೊಟ್ಟೆ ಒಳಗೆಳೆದುಕೊಂಡರು.

"ಉಸಿರು ಹಿಡಿದರೆ ತೂಕ ಕಮ್ಮಿಯಾಗಲ್ಲ ಗೌಡ್ರೇ."

"ಫ್ಯಾಕ್ಟ್ರಿ ಮುಂದೆ ಕಬ್ಬಿನ ಗಾಡಿ ತೂಗ್ದಂಗೆ ತೂಗ್ತಾವ್ರಲ್ಲ ಮನುಸ್ಯರ್ನ!"

ಪೈಲಟ್ ಚೀಟಿಯಲ್ಲಿ ಕೂಡಿಸಿ ತಲೆ ಅಲ್ಲಾಡಿಸಿದ. ಮೂರು ದಿನದಿಂದ ಮಳೆ, ಕೊರೊಂಬಿಯ ಮೈದಾನ ಮೆತ್ತಗಾಗಿದೆ, ಹೆಚ್ಚು ಭಾರ ಇಳಿಸುವಂತಿಲ್ಲ. ಪೆಟ್ಟಿಗೆ ಹೋಗಬಹುದು. ಜೊತೆಗೆ ಒಬ್ಬರು, ಅದೂ ಹಗುರವಾದವರು. ಮುಂದಿನ ವಿಮಾನ ಮುಂದಿನ ವಾರ, ಮೋಡ ದಾರಿ ಬಿಟ್ಟರೆ.

ಹಗುರವಾದವಳು ನಾನು. ಆಸ್ಪತ್ರೆ ನನ್ನದು. ಆ ಕಣಿವೆಯಲ್ಲಿ ಹೆರಿಗೆ ಕಲಿತ ನರ್ಸು ನಾನೊಬ್ಬಳೇ. ಹೋಗಬೇಕಾದದ್ದು ನ್ಯಾಯ.

"ನೀನು ಓಗು" ಎಂದರು ಗೌಡರು. "ನಾನು ಎಂಗೋ ಬತ್ತೀನಿ. ಅವ್ರೇನು ನನ್ನ ಉರ್ಕಂಡು ತಿಂದಾರಾ?"

ಮಾತು ಗಟ್ಟಿಯಾಗಿತ್ತು. ಆದರೆ ಚೀಲವನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡು ನಿಂತಿದ್ದರು. ಈ ದೇಶದ ಒಂದು ಮಾತೂ ಇವರಿಗೆ ಬರುವುದಿಲ್ಲ. ನನಗಾಗಿ ಇಷ್ಟು ದೂರ ಬಂದ ಮನುಷ್ಯನನ್ನು ಶೆಡ್ಡಿನಲ್ಲಿ ಬಿಟ್ಟು ಹಾರಿಹೋದರೆ, ಆಮೇಲೆ ಆ ಕಾಗದವನ್ನು ಯಾವ ಮುಖ ಇಟ್ಟುಕೊಂಡು ತೋರಿಸಲಿ? ಪೆಟ್ಟಿಗೆ ಹೋಗಲಿ, ನಾವಿಬ್ಬರೂ ರಸ್ತೆ ಮುಗಿಯುವವರೆಗೆ ಲಾರಿಯಲ್ಲಿ ಹೋಗಿ ಅಲ್ಲಿಂದ ನಡೆಯುತ್ತೇವೆ ಎಂದೆ. ನನ್ನ ಜಾಗದಲ್ಲಿ, ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಊರಿಗೆ ಮರಳುತ್ತಿದ್ದ ಒಣಕಲು ಅಜ್ಜನೊಬ್ಬ ಹತ್ತಿ ಕೂತ. ಪೆಟ್ಟಿಗೆಗೆ ಪಕ್ಕದ ಸೀಟಿನಲ್ಲಿ ಬೆಲ್ಟು ಬಿಗಿದರು.

"ಡಬ್ಬಕ್ಕೆ ಕಿಟಕಿ ಸೀಟು. ನಮಗೆ ಲಾರಿ" ಎಂದು ಗೌಡರು ಗೊಣಗಿದರು. ಆದರೆ ಚೀಲ ಹಿಡಿದ ಕೈ ಸಡಿಲವಾಗಿತ್ತು.

ಲಾರಿ

ಲಾರಿಯ ಹಿಂದೆ ಅಡ್ಡ ಹಲಗೆಗಳು. ನಮ್ಮ ಮುಂದೆ ಒಬ್ಬಾಕೆ ಹಂದಿಮರಿಯನ್ನು ತೊಡೆಯ ಮೇಲೆ ಮಗುವಿನಂತೆ ಮಲಗಿಸಿಕೊಂಡಿದ್ದಳು. ಹೊರಡುವ ಮುಂಚೆ ಡ್ರೈವರ್ ಇಳಿದು ಬಂದು ಟೋಪಿ ತೆಗೆದ. ಎಲ್ಲರೂ ಕಣ್ಣು ಮುಚ್ಚಿ ತಲೆ ಬಗ್ಗಿಸಿದರು. ಅವನು ದೀರ್ಘವಾಗಿ ಪ್ರಾರ್ಥಿಸಿದ. ಗೌಡರೂ ಕಣ್ಣು ಮುಚ್ಚಿದ್ದರು, ಒಂದನ್ನು ಮಾತ್ರ.

"ಏನಂದ?" ಎಂದು ಆಮೇಲೆ ಕೇಳಿದರು.

"ಬ್ರೇಕು ಸರಿಯಿಲ್ಲ, ದೇವರೇ ನೋಡಿಕೋ ಅಂದ."

ಅಲ್ಲಿಂದ ಮುಂದೆ ಇವರು ಎರಡೂ ಕಣ್ಣು ಮುಚ್ಚಿಯೇ ಕೂತಿದ್ದರು.

ಪಕ್ಕದ ಹಲಗೆಯಲ್ಲಿ ಮಾಮಾ ರೂತ್ ಸಿಕ್ಕರು. ಅಲ್ಲಿ ತಾಯಿ ವಯಸ್ಸಿನ ಹೆಂಗಸರನ್ನೆಲ್ಲ ಮಾಮಾ ಎನ್ನುತ್ತಾರೆ. ಸಂತೆಯಲ್ಲಿ ಗೆಣಸು ಮಾರಿ, ಉಪ್ಪು, ಅಕ್ಕಿ, ಸೀಮೆಎಣ್ಣೆ ಕೊಂಡು ಕೊರೊಂಬಿಗೇ ಹೊರಟಿದ್ದರು. ಅವರು ಹೆಗಲಿಗೆ ಏನನ್ನೂ ಹಾಕುವುದಿಲ್ಲ. ದಾರದಿಂದ ಹೆಣೆದ ದೊಡ್ಡ ಚೀಲದ ಪಟ್ಟಿಯನ್ನು ಹಣೆಗೆ ಸಿಕ್ಕಿಸಿ, ಭಾರವನ್ನೆಲ್ಲ ಬೆನ್ನಿಗೆ ಬಿಡುತ್ತಾರೆ. ನಮ್ಮಲ್ಲಿ ನೆತ್ತಿಯ ಮೇಲೆ ಹೊರುತ್ತೇವೆ, ಅವರು ಹಣೆಯ ಮೇಲೆ.

ಮಾಮಾ ಮಡಿಲಿನಿಂದ ಹಸಿ ಅಡಿಕೆ ತೆಗೆದು ಹಲ್ಲಿನಿಂದ ಸಿಪ್ಪೆ ಸುಲಿದು ಇವರಿಗೆ ಕೊಟ್ಟರು. ಅಡಿಕೆ, ಸುಣ್ಣ ಎರಡೂ ಇದ್ದವು, ಎಲೆ ಮಾತ್ರ ಇರಲಿಲ್ಲ. ಎಲೆಯ ಬದಲು ಹಿಪ್ಪಲಿಯಂಥ ಒಂದು ಹಸಿರು ಕಡ್ಡಿ. ಅದನ್ನು ಸುಣ್ಣದ ಪುಡಿಯಲ್ಲಿ ಅದ್ದಿ ಕಚ್ಚಬೇಕು. ಗೌಡರು ಕಚ್ಚಿದರು, ಕಣ್ಣರಳಿಸಿದರು, ಲಾರಿಯ ಆಚೆಗೆ ಕೆಂಪಗೆ ಉಗಿದರು. ಇಡೀ ಲಾರಿ ಚಪ್ಪಾಳೆ ತಟ್ಟಿತು. ಅಲ್ಲಿಂದ ಮಾಮಾ ತಮ್ಮ ಭಾಷೆಯಲ್ಲಿ, ಇವರು ಮಂಡ್ಯದ ಭಾಷೆಯಲ್ಲಿ ಮಾತಾಡುತ್ತಲೇ ಇದ್ದರು. ಅನುವಾದಕ್ಕೆ ಹೋದ ನನ್ನನ್ನು ಇಬ್ಬರೂ ಸುಮ್ಮನಿರು ಎಂದರು.

ಕಾಲುದಾರಿ

ರಸ್ತೆ ಮುಗಿದಲ್ಲಿ ಒಂದು ಚರ್ಚಿನ ಜಗುಲಿಯಲ್ಲಿ ತಂಗಿ, ಬೆಳಗಾಗುತ್ತಲೇ ನಡೆಯತೊಡಗಿದೆವು. ಆರು ಗಂಟೆಯ ದಾರಿ. ಮಾಮಾ ಮುಂದೆ, ಬರಿಗಾಲಲ್ಲಿ. ನಡುವೆ ನಾನು. ಹಿಂದೆ ಗೌಡರು, ಜಾರುವುದು ಏಳುವುದು. ಮೂರನೆಯ ಸಲ ಬಿದ್ದವರು ಕೆಸರಿನಲ್ಲೇ ಕೂತು, "ಇರ್ಲಿ ಬುಡು, ಇನ್ನು ಕೂತ್ಕಂಡೇ ಜಾರ್ತೀನಿ" ಎಂದು ಹಾಗೆಯೇ ಇಳಿಜಾರು ಮುಗಿಸಿದರು.

ಹೊಳೆಗೆ ಬಳ್ಳಿಯ ತೂಗುಸೇತುವೆ. ನಡುವಿನಲ್ಲಿ ಹಲಗೆಗಳು ಅಲ್ಲಲ್ಲಿ ಮಾಯ. ಊರಲ್ಲಿ ಹೊಲದ ಪಕ್ಕದ ತುಂಬಿದ ನಾಲೆಗೆ ಧುಮುಕುವ ಮನುಷ್ಯ ಇಲ್ಲಿ ಬಳ್ಳಿ ಹಿಡಿದು ನಿಂತುಬಿಟ್ಟರು.

"ಎಸ್ತೇರಿ, ನಂಗಾಗಕಿಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಮಾಮಾ ರೂತ್ ಮರಳಿ ಬಂದು, ಇವರ ಕೈ ಹಿಡಿದು, ಗದ್ದ ಹಿಡಿದು ಮುಖ ಮೇಲೆತ್ತಿದರು. ಕೆಳಗೆ ನೋಡಬೇಡ, ನನ್ನ ಚೀಲ ನೋಡು ಎಂದು ಸನ್ನೆ ಮಾಡಿದರು. ಐವತ್ತು ದಾಟಿದ ನನ್ನ ಗಂಡ ಶಾಲೆಗೆ ಹೊರಟ ಕೂಸಿನ ಹಾಗೆ ಅವರ ಹಿಂದೆ ನಡೆದು ದಡ ಸೇರಿದರು. ದಾಟಿದ ಮೇಲೆ ಮಾಮಾರ ಪಾದ ಮುಟ್ಟಲು ಹೋದರು. ಅವರಿಗೆ ಅದು ಅರ್ಥವಾಗದೆ, ಏನೋ ಬಿದ್ದಿತೇನೋ ಎಂದು ತಾವೂ ಬಗ್ಗಿ ಹುಡುಕಿದರು.

ಆಚೆ ದಡದಲ್ಲಿ ತೋಟಗಳು. ಗೆಣಸಿನ ಏರಿಗಳ ನಡುವೆ ಕಬ್ಬು. ಒಂದೊಂದು ಗುಂಪನ್ನೂ ಗೂಟಕ್ಕೆ ನೆಟ್ಟಗೆ ಕಟ್ಟಿದ್ದರು. ಕಪ್ಪು ಕಬ್ಬು, ಕೆಂಪು ಕಬ್ಬು, ಹಸಿರಿನ ಮೇಲೆ ಹಳದಿ ಗೆರೆಯ ಕಬ್ಬು, ಮಣಿಕಟ್ಟಿನಷ್ಟು ದಪ್ಪ. ಗೌಡರು ಒಂದೊಂದರ ಮುಂದೆಯೂ ನಿಂತು ಗೆಣ್ಣು ಎಣಿಸಿದರು. ಮಾಮಾ ತಮ್ಮ ನೆಂಟರ ತೋಟದಿಂದ ಎರಡು ಜಲ್ಲೆ ಕಡಿದು ಕೊಟ್ಟರು. ಕಚ್ಚಿದ ಇವರು ಜಲ್ಲೆಯನ್ನು ತಿರುಗಿಸಿ ನೋಡಿ ಇನ್ನೊಂದು ಸಲ ಕಚ್ಚಿದರು. "ನಮ್ದಕ್ಕಿಂತ ಸಿಹಿ ಅದೆ. ಊರಲ್ಲಿ ಏಳ್ಬೇಡ" ಎಂದರು ಕೊನೆಗೆ.

ನಾಲ್ಕು ಗಂಟೆ ನಡೆದಿರಬಹುದು. ಎದುರಿನ ತಿರುವಿನಲ್ಲಿ ಜನರ ದನಿ ಕೇಳಿತು. ನಾಲ್ವರು ಗಂಡಸರು ಎರಡು ಬಿದಿರಿಗೆ ಕಂಬಳಿ ಕಟ್ಟಿ ಒಬ್ಬ ಹೆಂಗಸನ್ನು ಹೊತ್ತು ಬರುತ್ತಿದ್ದರು. ಹಿಂದೆ ಇಬ್ಬರು ಹೆಂಗಸರು. ಕಂಬಳಿಯೊಳಗಿನ ಹುಡುಗಿ ಬಿದಿರನ್ನು ಹಿಡಿದು ಮುಲುಗುವುದು ನೋಡಿದ ಕೂಡಲೇ ನನಗೆ ತಿಳಿಯಿತು.

ಅವಳ ಹೆಸರು ಅನ್ನಾ. ಚೊಚ್ಚಲು. ಹಿಂದಿನ ದಿನ ಬೆಳಗಿನಿಂದ ನೋವು. ನಾನು ಚೀಲದಿಂದ ಮಗುವಿನ ಎದೆಬಡಿತ ಕೇಳುವ ಕೊಳವೆ ತೆಗೆದೆ. ಹೆಂಗಸರು ಪ್ಲಾಸ್ಟಿಕ್ ಹಾಳೆ ಅಡ್ಡ ಹಿಡಿದರು. ಮಗುವಿನ ಬಡಿತ ಚೆನ್ನಾಗಿತ್ತು. ತಲೆ ಕೆಳಗೇ ಇತ್ತು, ದಾರಿ ಹೆಚ್ಚುಕಡಿಮೆ ಪೂರ್ತಿ ತೆರೆದಿತ್ತು. ಆದರೆ ಹುಡುಗಿ ಸೋತಿದ್ದಳು, ನೋವು ಬಂದರೂ ಕೆಳಕ್ಕೆ ಮುಕ್ಕಲು ತ್ರಾಣವಿರಲಿಲ್ಲ.

"ಎಲ್ಲಿಗೆ ಹೊತ್ತುಕೊಂಡು ಹೋಗುತ್ತಿದ್ದೀರಿ?" ಎಂದು ಅವರ ಭಾಷೆಯಲ್ಲಿ ಕೇಳಿದೆ.

"ರಸ್ತೆಗೆ. ಲಾರಿ ಹಿಡಿದು ಪೇಟೆಗೆ" ಎಂದ ಅವಳ ಗಂಡ ಪೀಟರ್.

"ಆಸ್ಪತ್ರೆ ಹಿಂದೆಯೇ ಇದೆ. ಎರಡು ಗಂಟೆಯ ದಾರಿ. ತಿರುಗಿ. ರಸ್ತೆಗೆ ನಾಲ್ಕು ಗಂಟೆ, ಅಲ್ಲಿ ಲಾರಿ ಇವತ್ತು ಸಿಗುವುದಿಲ್ಲ."

ಪೀಟರ್ ಕದಲಲಿಲ್ಲ. "ಹೋದ ವರ್ಷ ನನ್ನ ತಂಗಿಯನ್ನು ನಿಮ್ಮಲ್ಲಿಗೇ ತಂದಿದ್ದೆವು, ಸಿಸ್ಟಾ. ನಮ್ಮಲ್ಲಿ ಆಗುವುದಿಲ್ಲ, ಪೇಟೆಗೆ ಒಯ್ಯಿರಿ ಎಂದಿರಿ. ಈ ದಾರಿಯಲ್ಲೇ ಹೊತ್ತೆವು. ಅವಳು ಸೇತುವೆ ದಾಟಲಿಲ್ಲ. ಆಮೇಲೆ ನೀವೂ ನಿಮ್ಮ ದೇಶಕ್ಕೆ ಹೋದಿರಿ."

ಆ ದಿನ ನನಗೆ ನೆನಪಿತ್ತು. ಅವತ್ತು ಮೋಡ, ವಿಮಾನವಿರಲಿಲ್ಲ. ನನ್ನ ಕೈಯಲ್ಲಿ ಸಲಕರಣೆಯಿರಲಿಲ್ಲ.

"ಅವತ್ತು ನನ್ನ ಹತ್ತಿರ ಏನೂ ಇರಲಿಲ್ಲ ಪೀಟರ್. ಈಗ ಇದೆ. ನಿನ್ನೆಯೇ ವಿಮಾನದಲ್ಲಿ ಬಂದಿದೆ. ನಾನೂ ಬಂದಿದ್ದೇನೆ."

ಅವನು ನನ್ನ ಕೆಸರು ಸೀರೆ ನೋಡಿದ, ಗೌಡರನ್ನು ನೋಡಿದ. ಮಾಮಾ ರೂತ್ ಚೀಲ ಕೆಳಗಿಟ್ಟು ಅವನಿಗೆ ಏನೋ ಗದರಿದರು. ಗೌಡರು ನನ್ನ ಪಕ್ಕ ಬಂದು ಕೇಳಿದರು, "ಏನಂತಾನೆ?"

ಹೇಳಿದೆ. ತಂಗಿಯ ವಿಷಯವನ್ನೂ ಹೇಳಿದೆ. "ನಾನು ನಿನ್ನೆ ವಿಮಾನ ಹತ್ತಿದ್ದರೆ ಆಸ್ಪತ್ರೆಯಲ್ಲೇ ಇರುತ್ತಿದ್ದೆ ಗೌಡ್ರೇ."

"ಇದ್ದು? ಇವ್ರು ನೀನು ಬರಕಿಲ್ಲ ಅಂತ ಇತ್ಲಾಗೇ ಬತ್ತಿದ್ರು. ನೀನು ಅಲ್ಲಿ ಡಬ್ಬ ಇಟ್ಕಂಡು ಕೂತಿರ್ತಿದ್ದೆ. ಈಗ ಮಾತು ಬೇಡ, ಎತ್ತು."

ಎಂದವರೇ ಚೀಲವನ್ನು ಮಾಮಾರ ಕಡೆ ಎಸೆದು, ಹಿಂದಿನ ಬಿದಿರಿನ ಕೆಳಗೆ ಹೆಗಲು ಕೊಟ್ಟರು. ಅಲ್ಲಿದ್ದವನ ಕಾಲು ಆಗಲೇ ನಡುಗುತ್ತಿತ್ತು. ಪೀಟರ್ ಒಂದು ಕ್ಷಣ ನೋಡಿ, ಮುಂದಿನ ತುದಿ ಹಿಡಿದು ತಿರುಗಿದ.

ಹಲಗೆಯ ಮೇಲೆ ಕಬ್ಬಿನ ಹೊರೆ ಹೊತ್ತು ಲಾರಿ ಹತ್ತುವವರ ನಡಿಗೆ ಬೇರೆ. ಮಂಡಿ ಸ್ವಲ್ಪ ಬಗ್ಗಿರಬೇಕು, ಹೆಜ್ಜೆ ಚಿಕ್ಕದಿರಬೇಕು, ಎಲ್ಲರದೂ ಒಟ್ಟಿಗೆ ಬೀಳಬೇಕು. ಗೌಡರು "ಐಲೇಸಾ" ಎಂದು ಲಯ ಹಾಕಿದರು. ಎರಡನೆಯ ತಿರುವಿಗೆ ಆ ಮೂವರೂ ಐಲೇಸಾ ಎನ್ನುತ್ತಿದ್ದರು. ಒಬ್ಬನೇ ಒಬ್ಬ ಜಾರಿದರೆ ಅನ್ನಾ ಬೀಳುತ್ತಿದ್ದಳು. ಯಾರೂ ಜಾರಲಿಲ್ಲ, ಬೆಳಗಿನಿಂದ ಜಾರುತ್ತಲೇ ಬಂದಿದ್ದ ಗೌಡರೂ ಕೂಡ. ನಾನು ಪಕ್ಕದಲ್ಲಿ ಓಡುತ್ತಾ, ನೋವು ಬಿಟ್ಟಾಗಲೆಲ್ಲ ಅನ್ನಾಳ ಬಾಯಿಗೆ ಸುಲಿದ ಕಬ್ಬಿನ ಚೂರು ಇಡುತ್ತಿದ್ದೆ. ಅವಳು ರಸ ಹೀರಿ ಸಿಪ್ಪೆಯನ್ನು ಗಂಡನ ಬೆನ್ನಿಗೆ ಉಗಿಯುತ್ತಿದ್ದಳು. ಕೋಪವಿದ್ದರೆ ಶಕ್ತಿಯಿದೆ ಎಂದು ನನಗೆ ಧೈರ್ಯ ಬಂತು.

ಹೌಸ್ ಸಿಕ್

ಅಲ್ಲಿ ಆಸ್ಪತ್ರೆಗೆ ಹೌಸ್ ಸಿಕ್ ಎನ್ನುತ್ತಾರೆ. ತಗಡಿನ ಮಾಡು, ಎಂಟು ಹಾಸಿಗೆ. ಜಗುಲಿಯಲ್ಲಿ ಜೂಡಿ ನಿಂತಿದ್ದಳು. ನಾನಿಲ್ಲದಾಗ ಎಲ್ಲವನ್ನೂ ನೋಡಿಕೊಳ್ಳುವ ಆರೋಗ್ಯ ಕಾರ್ಯಕರ್ತೆ ಅವಳು. ನನ್ನನ್ನು ಕಂಡು ಅತ್ತಳು, ಅನ್ನಾಳನ್ನು ಕಂಡು ಅಳು ನಿಲ್ಲಿಸಿದಳು.

"ಪೆಟ್ಟಿಗೆ?"

"ಒಳಗಿದೆ ಸಿಸ್ಟಾ. ನೀವೇ ಬಿಚ್ಚಬೇಕೆಂದು ಮುಟ್ಟಿಲ್ಲ."

ಮಂಡ್ಯದ ಗೆಳತಿಯರು ಅದಕ್ಕೆ ಸುತ್ತಿದ್ದ ಟೇಪು ಒಂದು ಮೈಲಿ ಇದ್ದಿರಬೇಕು. ಗೌಡರು ಕತ್ತರಿಗೂ ಕಾಯದೆ ಹಲ್ಲಿನಿಂದ ಕಿತ್ತು ಹರಿದರು. ಸೆಟ್ಟು ನನ್ನ ಕೈಗೆ ಕೊಟ್ಟು ಹೊರಗೆ ನಡೆದರು.

ಮಂಡ್ಯದಲ್ಲಿ ಪಕ್ಕದಲ್ಲೇ ಡಾಕ್ಟರಿರುತ್ತಿದ್ದರು. ಇಲ್ಲಿ ನಾನು, ಜೂಡಿ, ದೇವರು. ಬಟ್ಟಲು ಕೂತಿತು. ಮೊದಲ ನೋವಿಗೆ ತಲೆ ಕೆಳಗೆ ಬಂತು. ಎರಡನೆಯದಕ್ಕೆ ಇನ್ನಷ್ಟು. ಮೂರನೆಯದಕ್ಕೆ ಅನ್ನಾ ಜೂಡಿಯ ಕೈ ಕಚ್ಚಿಕೊಂಡು ಕೆಳಕ್ಕೆ ಮುಕ್ಕಿದಳು, ಮಗು ಹೊರಗೆ ಬಂತು. ಹೆಣ್ಣು. ನೀಲಿ. ಸದ್ದಿಲ್ಲ. ಬೆನ್ನು ಉಜ್ಜಿದೆ, ಬಾಯಿ ಒರೆಸಿದೆ, ಮತ್ತೆ ಉಜ್ಜಿದೆ. ಆ ಹೊತ್ತು ಎಷ್ಟಿತ್ತೋ ನನಗೆ ಗೊತ್ತಿಲ್ಲ. ಆಮೇಲೆ ಬೆಕ್ಕಿನ ಮರಿಯಂತೆ ಒಂದು ಸೀನು, ಅದರ ಹಿಂದೆಯೇ ತಗಡು ಹಾರುವಂಥ ಅಳು.

ಹೊರಗೆ ಬಂದಾಗ ಬಿಸಿಲಿನ್ನೂ ಇತ್ತು. ಪೀಟರ್ ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡು ಅಳುತ್ತಿದ್ದ. ಗೌಡರು ಅವನ ಬೆನ್ನು ಸವರುತ್ತಾ, "ಆಯ್ತು ಬುಡ್ಲಾ, ಆಯ್ತು ಬುಡು, ಎಣ್ಣು ಮಗ ಲಕ್ಸ್ಮಿ ಕಣ್ಲಾ" ಎನ್ನುತ್ತಿದ್ದರು. ಅವನು ಪ್ರತಿಯೊಂದಕ್ಕೂ ತಲೆಯಾಡಿಸುತ್ತಿದ್ದ.

ಕಾಗದ

ಮರುದಿನ ಗೌಡರ ಹೆಗಲು ಬನ್ನಿನಂತೆ ಊದಿತ್ತು. ಮುಲಾಮು ಹಚ್ಚುತ್ತಾ, ಇನ್ನು ತಡೆಯಲಾರೆ ಅನ್ನಿಸಿ ಕಾಗದ ತೆಗೆದು ಮುಂದಿಟ್ಟೆ. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ತಾರೀಖನ್ನೂ ಹೇಳಿದೆ.

"ಅಂದ್ರೆ ಊರಿಗೆ ಬರಕೆ ಮುಂಚೇನೇ ಇದು ನಿನ್ನ ಕೈಲಿತ್ತು."

"ಇತ್ತು."

"ಅತ್ತೆ ಅಡುಗೆಮನೇಲಿ ಕರ್ಕಂಡು ಬನ್ನಿ ಅಂದಾಗ?"

"ಆಗಲೂ ಇತ್ತು."

ಅಂಗಿ ಹಾಕಿಕೊಂಡು ಎದ್ದು ಹೋದರು. ಎರಡು ದಿನ ನನ್ನ ಜೊತೆ ಮಾತಿಲ್ಲ. ಆಸ್ಪತ್ರೆಯ ಹಿಂದಿನ ಚರಂಡಿ ತೋಡಿದರು. ಮುದ್ದೆ ತಾವೇ ತೊಳಸಿ ಜೂಡಿಗೂ ಮಾಮಾ ರೂತ್‌ಗೂ ಬಡಿಸಿದರು. ಜೂಡಿ ಮುದ್ದೆಯನ್ನು ಚಾಕುವಿನಿಂದ ಹೋಳು ಮಾಡಿದ್ದಕ್ಕೆ ಅವಳಿಗೆ ಬೈದರು. ಬಯ್ಯುವುದನ್ನು ಕೇಳಿ ನನಗೆ ಸಮಾಧಾನವಾಯಿತು. ನನ್ನನ್ನೂ ಬೈಯಬಾರದೇ ಅನ್ನಿಸಿತು.

ಮೂರನೆಯ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಪಕ್ಕ ಬಂದು ಕೂತರು.

"ಸುಳ್ಳು ಏಳಕಿಲ್ಲ. ನೀನಿಲ್ದೆ ಗುತ್ತಲ ಮನೇಲಿ ಒಬ್ನೇ ಉಣ್ಣಕೆ ಕೂತ್ರೆ ಗಂಟ್ಲಲ್ಲಿ ಇಳಿಯಕಿಲ್ಲ. ನಿನ್ನ ಕರ್ಕಂಡೋಗವಾ ಅಂತ್ಲೇ ನಾನು ಬಂದದ್ದು."

ಕಾಫಿ ಒಂದು ಗುಟುಕು ಕುಡಿದು ಹೆರಿಗೆ ಕೋಣೆಯ ಕಡೆ ನೋಡಿದರು.

"ಆ ಬಟ್ಟಲು ಇಕ್ಕಿ ಎಳಿಯೋದ, ಅದ್ನ ಜೂಡಿಗೆ ಕಲಿಸ್ಬೌದಾ?"

"ಕಲಿಸಬಹುದು. ಬಟ್ಟಲು ಹಿಡಿಯುವುದೇನು, ಬೇಗ ಬರುತ್ತದೆ. ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಅನ್ನುವುದಕ್ಕೆ ಒಂದು ವರ್ಷವಾದರೂ ಬೇಕು."

"ಎರಡು ಅಂತ ಅವ್ರು ಬರ್ದವ್ರೆ. ಒಂದು ಅಂತ ನೀನು ಬರಿ. ಕಲಿಸು, ಬಾ. ಅತ್ತೆಗೆ ನಾನು ಏಳ್ಕತೀನಿ." ಲೋಟ ಕೆಳಗಿಟ್ಟರು. "ಇನ್ನೊಂದ್ಸಲ ಕಾಗ್ದ ಮುಚ್ಚಿಟ್ರೆ ಮಾತ್ರ ನಾನು ಮನುಸ್ಯ ಆಗಿರಕಿಲ್ಲ."

ಒಂದು ವರ್ಷ ಎಂದು ಬರೆದು ಅವರ ಮುಂದೆಯೇ ಸಹಿ ಹಾಕಿದೆ.

ಐದನೆಯ ವಾರ

ಗೌಡರು ಹೊರಡುವ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಮೈದಾನದವರೆಗೆ ಹೋಗಿ ಕಳಿಸಿಕೊಡಬೇಕೆಂದು ಹಸಿರು ಸೀರೆ ಉಟ್ಟಿದ್ದೆ. ಅಷ್ಟರಲ್ಲಿ ಹೆರಿಗೆ ಕೋಣೆಯಿಂದ ಜೂಡಿ ಕರೆದಳು. ರಾತ್ರಿ ಬಂದ ಹೆಂಗಸಿನ ಹೆರಿಗೆ ಕೊನೆಯಲ್ಲಿ ನಿಂತಿತ್ತು. ಮಗುವಿನ ಬಡಿತ ನಿಧಾನವಾಗುತ್ತಿತ್ತು. ಬಟ್ಟಲು ಬೇಕು. ನಾನು ಕೈಗವಸು ಹಾಕಿಕೊಂಡೆ, ಆಮೇಲೆ ಸೆಟ್ಟನ್ನು ಜೂಡಿಯ ಕೈಗೆ ಕೊಟ್ಟೆ.

"ನಾನಾ?" ಎಂದಳು.

"ನೀನೇ. ನಾನು ಹಿಂದೆ ಇದ್ದೇನೆ."

ಮೈದಾನದಲ್ಲಿ ವಿಮಾನ ಇಳಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಕಿಟಕಿಯ ಪರದೆಯ ಆಚೆ ಗೌಡರ ದನಿ.

"ಎಸ್ತೇರಿ, ಓಯ್ತೀನಿ ಕಣಮ್ಮಿ."

"ಇರಿ, ಬಂದೆ, ಒಂದೇ ನಿಮಿಷ..."

"ಬರ್ಬೇಡ. ಕ್ಯಾಮೆ ನೋಡ್ಕೊ. ಒತ್ತಿಗೆ ಸರ್ಯಾಗಿ ಉಣ್ಣು." ಹೆಜ್ಜೆ ಸದ್ದು ದೂರ ಹೋಯಿತು. ಪೀಟರ್ ಅವರ ಚೀಲ ಹೊತ್ತು ಏನೋ ಮಾತಾಡುತ್ತಾ ಹೋಗುವುದು ಕೇಳಿಸಿತು.

ಜೂಡಿಯ ಹಣೆಯಿಂದ ಬೆವರು ಇಳಿಯುತ್ತಿತ್ತು. ಮೊದಲ ಸಲ ಬಟ್ಟಲು ಜಾರಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಹಿಂದಕ್ಕೆಳೆದುಕೊಂಡು ಬೆನ್ನ ಹಿಂದೆ ಕಟ್ಟಿಕೊಂಡೆ. ಅವಳು ಉಸಿರು ಬಿಟ್ಟು, ಮತ್ತೆ ಹಚ್ಚಿ, ಬೆರಳಿನಿಂದ ಸುತ್ತ ತಡವಿ ನೋಡಿ, ನೋವಿಗಾಗಿ ಕಾದಳು. ಕಾಯುವುದನ್ನು ಅವಳು ಕಲಿತಿದ್ದಳು. ತಗಡಿನ ಮೇಲಿಂದ ವಿಮಾನ ಗುಡುಗಿಕೊಂಡು ಹೋಯಿತು, ಕೋಣೆಯ ಬಾಟಲಿಗಳೆಲ್ಲ ನಡುಗಿದವು. ಅದೇ ಹೊತ್ತಿಗೆ ನೋವು ಬಂತು, ಜೂಡಿ ಎಳೆದಳು, ತಲೆ ಬಂತು, ಹೆಗಲು ಬಂತು. ಗಂಡು ಮಗು ಹುಟ್ಟುತ್ತಲೇ ಜೂಡಿಯ ಮೇಲೆ ಉಚ್ಚೆ ಹೊಯ್ಯಿತು.

ಜೂಡಿ ನಗುತ್ತಾ ಅಳುತ್ತಾ ನನ್ನ ಕಡೆ ತಿರುಗಿದಳು. ನಾನು ಇನ್ನೂ ಕೈಯನ್ನು ಬೆನ್ನ ಹಿಂದೆಯೇ ಕಟ್ಟಿಕೊಂಡು ನಿಂತಿದ್ದೆ. ವಿಮಾನದ ಸದ್ದು ಯಾವಾಗ ನಿಂತಿತೋ ನಾನು ಗಮನಿಸಿರಲಿಲ್ಲ.